ಮೈದಾ ಅಂಟಿನ ಪುಟಗಳು

ನಾನು ಒಂದು ಪುಸ್ತಕ. ಮದ್ಯ ಬೆರೆಸುವ ಬಗೆಗಳನ್ನು ಹೇಳಿಕೊಡುವ ಪುಸ್ತಕ. ಹುಟ್ಟಿದ್ದು ಲಂಡನ್ನಿನ ಅಚ್ಚುಕೂಟವೊಂದರಲ್ಲಿ. ಶಾಯಿ ಆರುವ ಮೊದಲೇ ಹಡಗು ಹತ್ತಿಸಿದರು. ಒಂದು ಕಡೆ ಸುಮ್ಮನೆ ಕೂರುವುದು ಅಂದಿನಿಂದಲೂ ನನಗೆ ಒಗ್ಗದು. ನನ್ನೊಳಗಿನ ವಿದ್ಯೆ ನನಗಿಂತ ಹಳೆಯದು. ಹಿಂದಿನ ಪುಸ್ತಕಗಳಿಂದ ಬಂದದ್ದು, ಅದಕ್ಕೂ ಹಿಂದೆ ಯಾರ ಯಾರದೋ ಬಾಯಲ್ಲಿ ಇದ್ದದ್ದು.

ಬೆಂಗಳೂರು ದಂಡಿನ ಕ್ಲಬ್ಬಿಗೆ ನನ್ನನ್ನು ತಂದ ದೊರೆ ಮರಳುವಾಗ ಮರೆತುಹೋದ. ಎಷ್ಟೋ ವರ್ಷ ಸೀಸೆಗಳ ಹಿಂದೆ ಧೂಳು ತಿಂದೆ. ಕೊನೆಗೆ ಬಾರಿನ ಕೆಲಸಕ್ಕೆ ಇನ್ನಾಸಪ್ಪ ಬಂದ. ಇಂಗ್ಲಿಷನ್ನು ಅಕ್ಷರಕ್ಕಕ್ಷರ ಕೂಡಿಸಿ ಓದಿ, ಅಂಚಿನಲ್ಲಿ ಕನ್ನಡದಲ್ಲಿ ಬರೆದುಕೊಂಡ. ಕ್ಲಬ್ಬಿನ ವಾರ್ಷಿಕೋತ್ಸವಕ್ಕೆ ಆತ ರಮ್ಮಿಗೆ ನಿಂಬೆ, ಸಕ್ಕರೆ ಕೂಡಿಸಿ ಮಾಡುವ ರಮ್ ಪಂಚ್ ಊರಿಗೆಲ್ಲ ಹೆಸರಾಯಿತು.

ಪಕ್ಕದ ಕ್ಲಬ್ಬಿನ ಬಾರಿನಲ್ಲಿ ಕೆಲಸಕ್ಕಿದ್ದ ಡೇನಿಯಲ್ ಒಮ್ಮೆ ಬಂದು, "ಇನ್ನಾಸಪ್ಪಾ, ನಿನ್ನ ಬೈಬಲ್ ಸ್ವಲ್ಪ ತೋರ್ಸು" ಅಂದ.

"ನಿನ್ನಂಥ ಪಾಪಿಗಲ್ಲ ಕಣೋ ಅದು."

ನಗುತ್ತಲೇ ಹೇಳಿದ. ಆದರೆ ಅವತ್ತೇ ಮೈದಾ ಕಾಯಿಸಿ, ಪಂಚ್ ಮಾಡುವ ವಿಧಾನವಿದ್ದ ಎರಡು ಪುಟಗಳನ್ನು ಎದುರುಬದುರಾಗಿ ಅಂಟಿಸಿಬಿಟ್ಟ. ಕೇಳಿದವರಿಗೆ ತೋರಿಸಲೆಂದು ಬೇರೆ ಪುಟದ ಅಂಚಿನಲ್ಲಿ ಅರೆಬರೆ ವಿಧಾನ ಗೀಚಿದ. ಬಾಯಿಗೆ ಬಟ್ಟೆ ತುರುಕಿದಂತಾಯಿತು ನನಗೆ. ಹೇಳಿಕೊಡಲೆಂದೇ ಹುಟ್ಟಿದವನು ನಾನು.

ಮೂವತ್ತು ವರ್ಷ ಕಳೆಯಿತು. ಇನ್ನಾಸಪ್ಪನಿಗೆ ಪಾರ್ಶ್ವವಾಯು ಬಡಿದು ಮಾತು ನಿಂತಿತು, ಬಲಗೈ ಬಿತ್ತು. ಅಪ್ಪನ ಕೈಕೆಳಗೆ ಏಳು ವರ್ಷ ದುಡಿದ ಮಗಳು ಸ್ಟೆಲ್ಲಾ ಆ ಜಾಗ ಕೇಳಿದಳು. ಕಮಿಟಿಯವರು ಒಂದೇ ಮಾತು ಹೇಳಿದರು: ಶನಿವಾರದ ವಾರ್ಷಿಕೋತ್ಸವಕ್ಕೆ ಅದೇ ಪಂಚ್ ಆಗಬೇಕು, ಆಗದಿದ್ದರೆ ಹೋಟೆಲಿನಿಂದ ಬೇರೆಯವರನ್ನು ಕರೆಸುತ್ತೇವೆ.

ಅವಳು ನನ್ನನ್ನು ಮನೆಗೆ ಒಯ್ದಳು. ಅಂಚಿನ ಬರಹ ನೋಡಿ ಮೂರು ಸಲ ಬೆರೆಸಿದಳು. ಮೂರು ಸಲವೂ ಅಪ್ಪ ತುಟಿಗೆ ಸೋಕಿಸಿ ಮುಖ ತಿರುಗಿಸಿದ.

"ಏನು ಕಮ್ಮಿ ಆಗಿದೆ ಅಪ್ಪಾ? ನಿಂಬೆ ಜಾಸ್ತಿ ಮಾಡಿದೆ, ಸಕ್ಕರೆ ಕಮ್ಮಿ ಮಾಡಿದೆ. ಇನ್ನೇನು?"

ಬೇಸರದಿಂದ ನನ್ನ ಹಾಳೆಗಳನ್ನು ಸರಸರನೆ ಮಗುಚುತ್ತಿದ್ದವಳ ಬೆರಳಿಗೆ ದಪ್ಪ ಹಾಳೆಯೊಂದು ತಾಗಿತು. ಅದನ್ನು ಬೆಳಕಿಗೆ ಹಿಡಿದಳು. ಅಷ್ಟರಲ್ಲಿ ಇನ್ನಾಸಪ್ಪನ ಎಡಗೈ ಬಂದು ನನ್ನ ಮೇಲೆ ಧಪ್ಪನೆ ಕೂತಿತು. ಎಷ್ಟು ಭಾರ ಆ ಕೈ!

ಅಡುಗೆಮನೆಯಿಂದ ಬಂದ ಹೆಂಡತಿ ಆರೋಗ್ಯಮ್ಮ ಅದನ್ನು ಕಂಡಳು. "ರೀ, ಹೆತ್ತ ಮಗಳೇನು ಡೇನಿಯಲ್ಲಾ? ಅವಳಿಗೂ ಮುಚ್ಚಿಡ್ತೀರಾ?"

ಇನ್ನಾಸಪ್ಪ ಕೈ ತೆಗೆಯಲಿಲ್ಲ. ಸ್ಟೆಲ್ಲಾ ಕೈ ಎಳೆದುಕೊಂಡಳು. "ಬಿಡಮ್ಮಾ. ಅಪ್ಪ ಕೊಡದೇ ಇದ್ದದ್ದು ನನಗೆ ಬೇಡ."

ಅವಳು ಲೋಟ ತೊಳೆಯಲು ಎದ್ದಳು. ಆಗ ಆ ಕೈ ಮೆಲ್ಲಗೆ ನನ್ನನ್ನು ಅವಳತ್ತ ತಳ್ಳಿತು.

ಕುದಿಯುವ ನೀರಿನ ಹಬೆಗೆ ನನ್ನನ್ನು ಹಿಡಿದರು. ಅಂಟು ಬಿಟ್ಟಿತು, ಅಲ್ಲಲ್ಲಿ ಅಕ್ಷರವೂ ಕಿತ್ತುಬಂತು. ಆದರೂ ಓದಬಹುದಿತ್ತು: ನಿಂಬೆಯ ಹಳದಿ ಸಿಪ್ಪೆಯನ್ನಷ್ಟೇ ಹೆರೆದು, ಸಕ್ಕರೆಯಲ್ಲಿ ಉಜ್ಜಿ, ಎಣ್ಣೆ ಬಿಡುವವರೆಗೆ ಮುಚ್ಚಿಡಬೇಕು, ರಸ, ರಮ್ ಎಲ್ಲ ಆಮೇಲೆ. ಪಕ್ಕದಲ್ಲಿ ಇನ್ನಾಸಪ್ಪನ ಅಕ್ಷರ: 'ಗಜನಿಂಬೆಯೇ ಆಗಬೇಕು.'

"ಅದಕ್ಕೇನಾ ನೀನು ಯಾರೂ ಬರೋಕೆ ಮುಂಚೆ ಬಾರಿಗೆ ಹೋಗ್ತಿದ್ದದ್ದು! ಕಳ್ಳ!" ಅಂದಳು ಸ್ಟೆಲ್ಲಾ. ಇನ್ನಾಸಪ್ಪನ ಅರ್ಧ ಮುಖ ನಕ್ಕಿತು.

ಶನಿವಾರ ಕ್ಲಬ್ಬಿನ ಕಾರ್ಯದರ್ಶಿಗಳು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು. "ಇನ್ನಾಸಪ್ಪನ ಕೈಯೇ!"

"ಅಲ್ಲ ಸಾರ್," ಅಂದಳು ಸ್ಟೆಲ್ಲಾ, "ನನ್ನ ಕೈ."

ಕೆಲಸ ಅವಳದಾಯಿತು. ಯಾರು ಕೇಳಿದರೂ ನನ್ನನ್ನು ಕೊಟ್ಟುಬಿಡುತ್ತಾಳೆ: ಹೊಸ ಬಾರಿನವರಿಗೆ, ಕಲಿಯುವ ಹುಡುಗಿಯರಿಗೆ, ಡೇನಿಯಲ್ಲನ ಅಳಿಯನಿಗೂ. ನನ್ನ ಬೆನ್ನು ಬಿಟ್ಟಿದೆ, ರಟ್ಟಿಗೆ ಟೇಪು ಸುತ್ತಿದ್ದಾರೆ. ಈ ವಾರ ಯಾರ ಚೀಲದಲ್ಲಿದ್ದೇನೋ ಗೊತ್ತಿಲ್ಲ; ಬಸ್ಸೊಂದು ಕುಲುಕುತ್ತಿರುವುದಷ್ಟೇ ತಿಳಿಯುತ್ತಿದೆ. ಮುಪ್ಪಿನಲ್ಲಿ ಎಲ್ಲರಿಗೂ ಒಂದು ಮೂಲೆ ಸಿಗುತ್ತದಂತೆ. ನನಗೆ ಕೈಗಳು ಸಿಕ್ಕಿವೆ.