ಇಸ್ತಾಂಬುಲ್‌ವರೆಗೆ

ಕಿಟಕಿಯ ಮುಚ್ಚಳ ಮತ್ತೆ ಮೇಲೆ, ಮತ್ತೆ ಕೆಳಗೆ, ಬಿಸಿಲು ಬಂತು, ಬಿಸಿಲು ಹೋಯಿತು, ಪುಟ್ಟ ಕೈಯೊಂದು ಆಕಾಶವನ್ನೇ ಮುಚ್ಚಿ ತೆರೆದು ಆಡುತ್ತಿದೆ, ಆಡಲಿ ಬಿಡು, ಅಂದುಕೊಂಡಳು ಚಿನಾರಾ, ಆಡುವಷ್ಟು ಹೊತ್ತು ಅಳುವುದಿಲ್ಲವಲ್ಲ, ಮುಂದಿನ ಸೀಟಿನವನು ಒಮ್ಮೆ ತಿರುಗಿ ನೋಡಿದ, ನೋಡಲಿ, ಬಿಷ್ಕೆಕ್ ಬಿಟ್ಟಾಗಿನಿಂದ ಅವನ ಬೆನ್ನಿಗೆ ಒದೆ ಬೀಳುತ್ತಲೇ ಇದೆ, ಪಾಪ, ಆದರೂ ಏನೂ ಅಂದಿಲ್ಲ — ಬೆಕ್ತೂರ್ ಅವಳ ತೊಡೆಯ ಮೇಲಿದ್ದಾನೆ, ಆದರೆ ಅವನ ಬೆನ್ನು ಅವಳ ಎದೆಗೆ ತಾಗುತ್ತಿಲ್ಲ, ಬಸ್ಸಿನಲ್ಲಿ ಗುರುತಿಲ್ಲದವರ ಪಕ್ಕ ಕೂತವರ ಹಾಗೆ ನಡುವೆ ಒಂದಿಷ್ಟು ಜಾಗ ಬಿಟ್ಟೇ ಕೂತಿದ್ದಾನೆ, ಹೆತ್ತ ಮಗ, ಇನ್ನೂ ಎರಡು ತುಂಬಿಲ್ಲ, ಇಷ್ಟು ಬಿಗುಮಾನ ಇವನಿಗೆ ಎಲ್ಲಿಂದ ಬಂತೋ. ಊಟದ ತಟ್ಟೆ ಬಂದಿದೆ, ಮೊಸರಿನ ಡಬ್ಬಿ ತೆರೆದು ಚಮಚದ ತುದಿಯಲ್ಲಿ ಇಷ್ಟೇ ಇಷ್ಟು ತೆಗೆದು ಅವನ ಬಾಯಿಯ ಹತ್ತಿರ ಒಯ್ದಳು, ಬೆಕ್ತೂರ್, ನೋಡು ಚಿನ್ನಾ, ಮೊಸರು — ಮೇಲ್ತುಟಿ ಕೆಳತುಟಿಯ ಮೇಲೆ ಬಂದು ಕೂತಿತು, ಎರಡೂ ಬಿಗಿದು ಬಾಯಿ ಒಂದು ಗೆರೆಯಾಯಿತು, ಗೆರೆಯ ಕೊನೆಯಲ್ಲಿ ಒಂದು ಗುಳಿ, ಆ ಗುಳಿ ಅವಳದೇ, ಅವಳ ಕೆನ್ನೆಯಿಂದಲೇ ಹೋದದ್ದು, ಅದು ಈಗ ಅವಳ ವಿರುದ್ಧವೇ ನಿಂತಿದೆ. ಬೆಳಿಗ್ಗೆ ಅತ್ತೆ ಕೊಟ್ಟ ಬೂರ್ಸೋಕಿಗೂ ಹೀಗೇ ಮಾಡಿದ, ಆ ಮೆತ್ತನೆ ಕರಿದ ಹಿಟ್ಟೆಂದರೆ ಪ್ರಾಣ ಬಿಡುವವನು, ಮನೆಯಲ್ಲಿ ಒಂದರ ಮೇಲೊಂದು ಮುಕ್ಕುವವನು, ಅವಳ ಕೈಯಲ್ಲಿ ಕಂಡದ್ದೇ ಮುಖ ತಿರುಗಿಸಿದ. ಇಸ್ತಾಂಬುಲ್ ತನಕ ನೋಡೋಣ, ಅಂದಿದ್ದರು ಅತ್ತೆ, ಅಷ್ಟರೊಳಗೆ ನಿನ್ನ ಕೈಯಿಂದ ಒಂದು ತುತ್ತು ತಿಂದನೋ, ಅವನು ನಿನ್ನವನು, ಕರಕೊಂಡು ಹೋಗು, ನಾನು ಮತ್ತೆ ಬಾಯಿ ಬಿಡಲ್ಲ, ತಿನ್ನಲಿಲ್ಲವೋ, ಅಲ್ಲಿ ಜಾರ್ಕಿನ್ ಇರ್ತಾಳೆ, ಅವಳ ಕೈಗೆ ಕೊಟ್ಟುಬಿಡು, ಮಗೂನ ಉಪವಾಸ ಕೆಡವಿ ಕೆನಡಾಕ್ಕೆ ಒಯ್ಯೋ ಹಟ ಬೇಡ. ಜಾರ್ಕಿನ್ ಎಂದರೆ ಅವಳ ನಾದಿನಿ, ಇಸ್ತಾಂಬುಲಿನ ಒಂದು ಹೊಲಿಗೆ ಅಂಗಡಿಯಲ್ಲಿ ಕೆಲಸ, ಇವತ್ತು ಸಂಜೆಯ ವಿಮಾನಕ್ಕೆ ರಜೆ ಮೇಲೆ ಊರಿಗೆ ಹೊರಟಿದ್ದಾಳೆ, ನಿಲ್ದಾಣದ ಒಳಗೇ ಕಾಯುತ್ತಾಳೆ, ಎರಡು ತುಂಬದ ಮಗುವಿಗೆ ಮಡಿಲೇ ಸೀಟು, ಹೋಗುವಾಗ ಚಿನಾರಾಳ ಮಡಿಲು, ವಾಪಸ್ಸಿಗೆ ಜಾರ್ಕಿನ್‌ದು, ಅತ್ತೆ ಎಲ್ಲವನ್ನೂ ಯೋಚಿಸಿಯೇ ಇಟ್ಟಿದ್ದರು. ಚಮಚ ಕೆಳಗಿಟ್ಟಳು, ಮೊಸರನ್ನು ತಾನೇ ತಿನ್ನಬೇಕೆನಿಸಲಿಲ್ಲ, ಅವಳೂ ಬೆಳಿಗ್ಗೆಯಿಂದ ಏನೂ ತಿಂದಿಲ್ಲ.

ಕೆಳಗೆ, ಕೆಳಗೆ, ಎಂದು ಅವನು ಜಾರತೊಡಗಿದ, ಸರಿ ನಡೆ, ಪಕ್ಕದ ಹೆಂಗಸು ಮೊಣಕಾಲು ಓರೆ ಮಾಡಿ ದಾರಿ ಬಿಟ್ಟಳು, ದಪ್ಪ ಹೆಂಗಸು, ಬಾಯಿ ತುಂಬ ಚಿನ್ನದ ಹಲ್ಲು, ಓಷ್ ಪೇಟೆಯ ಬಟ್ಟೆ ವ್ಯಾಪಾರಿ ಹಾಲಿದಾ, ಹತ್ತಿದ ಕೂಡಲೇ ತನ್ನ ಕಥೆಯನ್ನೆಲ್ಲ ಹೇಳಿ ಮುಗಿಸಿದ್ದಳು, ಇಸ್ತಾಂಬುಲಿನಿಂದ ಮದುವೆ ಗೌನುಗಳನ್ನು ತರುತ್ತಾಳಂತೆ, ಗಂಡನಿಗೆ ಸೊಂಟ ನೋವಂತೆ — ಸೀಟುಗಳ ನಡುವಿನ ದಾರಿಯಲ್ಲಿ ಬೆಕ್ತೂರ್ ತಟಪಟ ನಡೆದ, ಬೂಟು ಬಿಚ್ಚಿಟ್ಟಿದೆ, ಒಂದು ಕಾಲುಚೀಲ ಎಲ್ಲೋ ಕಳಚಿ ಹೋಗಿದೆ, ಅವಳು ಬಗ್ಗಿ ಹಿಂದೆ ಹಿಂದೆ, ಹಿಡಿಯುವ ಹಾಗಿಲ್ಲ, ಹಿಡಿದರೆ ಕೈ ಕೊಡವುತ್ತಾನೆ, ಬಿಟ್ಟರೆ ಬೀಳುತ್ತಾನೆ, ಆದ್ದರಿಂದ ಗಾಳಿಯಲ್ಲೇ ಎರಡು ಕೈಗಳನ್ನು ಅವನ ಸುತ್ತ ಇಟ್ಟುಕೊಂಡು ನಡೆದಳು. ಅವನು ಪ್ರತಿ ಸಾಲಿನಲ್ಲೂ ನಿಲ್ಲುತ್ತಾನೆ, ಮೇಲೆ ನೋಡುತ್ತಾನೆ, ತಲೆಗೆ ಬಟ್ಟೆ ಕಟ್ಟಿದ ಮುದುಕಿಯರ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತಾನೆ, ಮುಖ ಓದುತ್ತಾನೆ, ಅಲ್ಲ, ಇದಲ್ಲ, ಮುಂದಿನ ಸಾಲು — ಅವನು ಆಡುತ್ತಿಲ್ಲ, ಹುಡುಕುತ್ತಿದ್ದಾನೆ, ಎಂದು ಅವಳಿಗೆ ಹಿಂದಿನ ಶೌಚಾಲಯದ ಬಾಗಿಲ ಹತ್ತಿರ ಬಂದಾಗ ಹೊಳೆಯಿತು. ಕೊನೆಯ ಸಾಲೂ ಮುಗಿದ ಮೇಲೆ ಅವನು ಅವಳ ಕಡೆ ತಿರುಗಿ, ಎಜೆ, ಅಪಾ ಎಲ್ಲಿ, ಅಂದ. ಎಜೆ ಎಂದರೆ ಅಕ್ಕ. ಅಪಾ ಎಂದರೆ ಅಮ್ಮ, ಆ ಮನೆಯಲ್ಲಿ ಅಪಾ ಎಂದರೆ ಅತ್ತೆ ಒಬ್ಬರೇ, ಚಿನಾರಾ ಕೂಡ ಅವರನ್ನು ಅಪಾ ಎಂದೇ ಕರೆಯುವುದು. ಅಪಾ ಮನೇಲಿದ್ದಾರೆ ಚಿನ್ನಾ, ಅಂದಳು. ಅವನು ನಂಬಲಿಲ್ಲ, ಶೌಚಾಲಯದ ಬಾಗಿಲು ತಟ್ಟಿದ. ವಾಪಸ್ಸು ಬಂದು ಕೂತಾಗ ಹಾಲಿದಾ ಕೇಳಿದಳು, ಚೂಟಿ ಇದ್ದಾನೆ ಕಣಮ್ಮ, ನಿನ್ನ ತಮ್ಮನಾ, ಎಜೆ ಅಂತಾನಲ್ಲ, ನಿಮ್ಮಮ್ಮ ಗಟ್ಟಿಗಿತ್ತಿ ಬಿಡು, ಇಷ್ಟು ವಯಸ್ಸಿನ ಅಂತರದಲ್ಲಿ — ಚಿನಾರಾ ಹೂಂ ಅಂದಳು. ಅಷ್ಟು ಸಲೀಸಾಗಿ ಹೂಂ ಅಂದದ್ದಕ್ಕೆ ಅವಳಿಗೇ ಆಶ್ಚರ್ಯವಾಯಿತು, ವಿವರಿಸಲು ಶಕ್ತಿಯಿಲ್ಲ ಅಷ್ಟೆ, ಸುಸ್ತು, ಆದರೆ ಆ ಹೂಂ ಗಂಟಲಲ್ಲೇ ಕೂತಿತು, ನೀರು ಕುಡಿದರೂ ಇಳಿಯಲಿಲ್ಲ.

ವಿವರಿಸುವುದಕ್ಕೆ ಏನಿದೆ, ಹಾಲಿದಾಳಿಗೂ ಗೊತ್ತಿರುವ ಊರ ವಾಡಿಕೆಯೇ, ಮೊದಲ ಮಗು ಅಜ್ಜ ಅಜ್ಜಿಯದು, ಅವರೇ ಸಾಕುತ್ತಾರೆ, ಅವರನ್ನೇ ಅಪ್ಪ ಅಮ್ಮ ಅನ್ನುತ್ತದೆ, ಹೆತ್ತವಳು ಅಕ್ಕನಾಗುತ್ತಾಳೆ, ಅದರಲ್ಲಿ ಯಾರಿಗೂ ಬೇಜಾರಿಲ್ಲ, ಎರಡನೆಯದು ನಿಂದು, ಮೂರನೆಯದು ನಿಂದು, ಹೊಟ್ಟೆ ತುಂಬ ಹೆತ್ತುಕೋ ಎಂದು ನಗುತ್ತಾರೆ. ಅವಳೂ ನಕ್ಕಿದ್ದಳು, ಆಗ ಹೊಟ್ಟೆಯಲ್ಲಿ ಇನ್ನೂ ಇದ್ದ, ನಗುವುದು ಸುಲಭ. ಗಂಡ ತಾಲಂತ್‌ಗೆ ಕೆನಡಾದಲ್ಲಿ ಲಾರಿ ಓಡಿಸುವ ಕೆಲಸ ಸಿಕ್ಕಿತು, ಹೆಂಡತಿ ಜೊತೆಗೆ ಹೋಗಬೇಕು, ಮಗು ಹೇಗೂ ಇಲ್ಲಿಯದೇ, ಸರಿ, ಹೊರಟಳು, ಅಲ್ಲಿ ಹಿಮದೊಳಗಿನ ಆ ಬಾಡಿಗೆ ಮನೆಯಲ್ಲಿ ಎದೆ ಕಲ್ಲಾಗಿ ಹಾಲು ತಾನಾಗಿ ಸೋರುತ್ತಿತ್ತು, ತಾಲಂತ್ ವಾರಗಟ್ಟಲೆ ರಸ್ತೆ ಮೇಲೆ, ಸ್ನಾನದ ಮನೆಯಲ್ಲಿ ನಿಂತು ಹಾಲು ಹಿಂಡಿ ಚೆಲ್ಲಿ ನಲ್ಲಿ ತಿರುಗಿಸಿ ಬಿಡುತ್ತಿದ್ದಳು, ಬಿಳಿ ನೀರು ಸುತ್ತಿ ಸುತ್ತಿ ತೂತಿನೊಳಗೆ ಹೋಗುತ್ತಿತ್ತು. ಆಮೇಲೆ ಫೋನಿನ ಪರದೆಯಲ್ಲಿ ಅವನು, ಹಲ್ಲು ಬಂದದ್ದು, ಎದ್ದು ನಿಂತದ್ದು, ಅತ್ತೆ ಪರದೆಯ ಅಂಚಿನಿಂದ, ನೋಡೋ, ಎಜೆ ನೋಡು, ಎಜೆಗೆ ಟಾಟಾ ಮಾಡು, ಅವನು ಪರದೆಯನ್ನು ನೆಕ್ಕುತ್ತಿದ್ದ, ಅವಳ ಮುಖದ ಮೇಲೆಲ್ಲ ಅವನ ನಾಲಿಗೆ. ಈ ಸಲ ಊರಿಗೆ ಬಂದವಳು ಬಂಧುಗಳೆಲ್ಲ ಊಟಕ್ಕೆ ಕೂತಿರುವಾಗ, ಚಹಾದ ಬಟ್ಟಲು ಕೈಯಿಂದ ಕೈಗೆ ಹೋಗುತ್ತಿರುವಾಗ, ಬಾಗಿಲ ಬಳಿ ಸೊಸೆ ಕೂರುವ ಜಾಗದಲ್ಲಿ ಕೂತುಕೊಂಡೇ ಕೇಳಿಬಿಟ್ಟಳು, ಅಪಾ, ನನ್ನ ಮಗನ್ನ ನಂಗೆ ಕೊಡಿ. ಮಾವ ಬ್ರೆಡ್ಡು ಮುರಿಯುತ್ತಿದ್ದವರು ಮುರಿಯುವುದನ್ನು ನಿಲ್ಲಿಸಿದರು, ದೊಡ್ಡತ್ತೆಯೊಬ್ಬರು, ಈಗಿನ ಸೊಸೆಯಂದಿರಿಗೆ ನಾಲಿಗೆ ಉದ್ದ, ಅಂದರು, ಅತ್ತೆ ಮಾತ್ರ ಅವಳ ಬಟ್ಟಲಿಗೆ ಚಹಾ ಬಗ್ಗಿಸಿದರು, ಅಂಚಿನ ತನಕ ಬಗ್ಗಿಸಿದರು, ಅತಿಥಿ ಏಳಲಿ ಎಂದಾಗಲಷ್ಟೇ ಹಾಗೆ ತುಂಬಿಸುವುದು, ಅವಳಿಗೆ ಅದು ಅರ್ಥವಾಯಿತು, ಎದ್ದು ಹೋದಳು, ಕೊಟ್ಟಿಗೆಯ ಹಿಂದೆ ನಿಂತು ಅತ್ತಳು. ಇವತ್ತು ಬೆಳಿಗ್ಗೆ ಬೆಕ್ತೂರನಿಗೆ ಬೂಟು ಹಾಕುತ್ತ ಅತ್ತೆ, ತಲೆ ಎತ್ತದೆ, ತಾಲಂತ್ ನನ್ನ ಹೊಟ್ಟೇಲಿ ಹುಟ್ಟಿದೋನು, ಇವತ್ತಿಗೂ ನನ್ನ ಎಜೆ ಅಂತಾನೆ, ನೀನೇ ಕೇಳಿದ್ದೀಯ, ಅವನು ಅಪಾ ಅಂತಿದ್ದದ್ದು ನಮ್ಮತ್ತೇನ, ಅವರು ಸತ್ತಾಗ ಮಣ್ಣಿನ ಮೇಲೆ ಬಿದ್ದು ಅತ್ತ, ನಾನು ಪಕ್ಕದಲ್ಲಿ ನಿಂತಿದ್ದೆ ಕಣೇ, ನನ್ನ ಕಡೆ ನೋಡಲಿಲ್ಲ, ಬೆಕ್ತೂರ್ ಬಂದಾಗ ನಂಗನಿಸ್ತು, ಆಯ್ತು, ಈಗ ನನ್ನ ಸರದಿ ಅಂತ — ಬೂಟಿನ ದಾರ ಕಟ್ಟಿದರು, ಬಿಚ್ಚಿದರು, ಮತ್ತೆ ಕಟ್ಟಿದರು — ನಂಗೆ ಯಾರೂ ಹೀಗೆ ಇಸ್ತಾಂಬುಲ್ ತನಕ ಅಂತ ಕೂಡ ಕೊಡಲಿಲ್ಲ. ಅವರ ಮೇಲೆ ಸಿಟ್ಟು ಮಾಡಿಕೊಳ್ಳೋಣವೆಂದರೆ ಅದೂ ಬರುತ್ತಿಲ್ಲ, ಸಿಟ್ಟು ಬಂದಿದ್ದರೆ ದಾರಿ ಹಗುರಾಗುತ್ತಿತ್ತು.

ವಿಮಾನ ತಲೆ ಬಗ್ಗಿಸಿತು, ಕಿವಿ ಮುಚ್ಚಿಕೊಂಡಿತು, ಬೆಕ್ತೂರನ ಮುಖ ಮೊದಲು ಕೆಂಪಾಗಿ ಆಮೇಲೆ ಕಿರುಚು ಬಂತು, ಕಿವಿ ಹಿಡಿದುಕೊಂಡು ಹಿಂದಕ್ಕೆ ಬಾಗಿ ಬಿಲ್ಲಾಗುತ್ತಾನೆ, ಏನಾದರೂ ನುಂಗಿದರೆ ಸರಿಹೋಗುತ್ತೆ, ಏನಾದರೂ ಕೊಡಿ, ಎಂದಳು ಗಗನಸಖಿ, ಏನಾದರೂ, ಏನಾದರೂ, ಚಿನಾರಾ ಬೂರ್ಸೋಕ್ ಮುರಿದು ಹಿಡಿದಳು, ಸೇಬಿನ ರಸ ಹಿಡಿದಳು, ಅವನು ಕಿರುಚುವುದನ್ನು ನಿಲ್ಲಿಸಿ, ಆ ನೋವಿನಲ್ಲೂ ನಿಲ್ಲಿಸಿ, ತುಟಿ ಬಿಗಿದ, ಅವಳ ಕೈ ದೂರ ಹೋದ ಮೇಲೆ ಮತ್ತೆ ಕಿರುಚಿದ. ಇದಕ್ಕಿಂತ ಕೆನ್ನೆಗೆ ಹೊಡೆದಿದ್ದರೂ ಪರವಾಗಿರಲಿಲ್ಲ. ನೀರಿನ ಬಾಟಲಿಯನ್ನು ಸೀಟಿನ ಮೇಲೆ ಇಟ್ಟು ಕೈ ಹಿಂದಕ್ಕೆ ತೆಗೆದುಕೊಂಡಳು, ಆಗ ಅವನೇ ಎತ್ತಿಕೊಂಡು ಕುಡಿದ, ಗುಟಕು ಗುಟಕಾಗಿ, ಬಿಕ್ಕುತ್ತ, ಕಿವಿ ಬಿಟ್ಟಿತೆಂದು ಕಾಣುತ್ತದೆ, ಸುಮ್ಮನಾದ. ಅವನದೇ ಕೈ, ಇದು ಲೆಕ್ಕಕ್ಕೆ ಬರುವುದಿಲ್ಲ. ಹಾಲಿದಾ ಎಲ್ಲವನ್ನೂ ನೋಡುತ್ತಿದ್ದಳು, ಗೌನು ಮಾರುವವಳ ಕಣ್ಣು, ಅಳತೆ ತಪ್ಪುವುದಿಲ್ಲ, ತಮ್ಮ ಅಲ್ಲ ತಾನೇ, ಅಂದಳು ಮೆಲ್ಲಗೆ. ಅಲ್ಲ, ನನ್ನ ಮಗ, ಅಂದಳು ಚಿನಾರಾ, ಗಂಟಲಿನ ಹೂಂ ಈಗ ಇಳಿಯಿತು, ಹಾಗೆಯೇ ಉಳಿದದ್ದೆಲ್ಲ ಹೊರಬಂತು, ತುತ್ತಿನ ಮಾತು, ನಾದಿನಿಯ ಮಾತು. ಅಯ್ಯೋ ಅಷ್ಟೇನಾ, ತಿಂದ ಅಂದ್ಬಿಡು, ಯಾರು ನೋಡಿದ್ರು, ಬೇಕಾದ್ರೆ ನಾನೇ ಬಂದು ಹೇಳ್ತೀನಿ, ನನ್ನ ಕಣ್ಣಾರೆ ಒಂದು ಡಬ್ಬಿ ಮೊಸರು ಬಳಿದು ತಿಂದ ಅಂತ, ನನ್ನ ಮಾತನ್ನ ತುರ್ಕಿಯ ಸಗಟು ವ್ಯಾಪಾರಿಗಳೇ ನಂಬ್ತಾರೆ. ಚಿನಾರಾಗೆ ನಗು ಬಂತು, ತಿಂದ ಅನ್ನುವುದು, ಒಂದು ಮಾತು, ಮಗು ಅವಳದು, ಯಾರಿಗೆ ಯಾಕೆ ಲೆಕ್ಕ ಕೊಡಬೇಕು, ಚಕ್ರ ನೆಲ ಮುಟ್ಟುವವರೆಗೂ ಅದನ್ನೇ ಬಾಯೊಳಗೆ ಹೊರಳಿಸಿದಳು, ತಿಂದ, ತಿಂದ, ಸ್ವಲ್ಪ ತಿಂದ.

ಜಾರ್ಕಿನ್ ದೂರದಿಂದಲೇ ಕೈ ಬೀಸಿದಳು, ತೆಳ್ಳಗಾಗಿದ್ದಾಳೆ, ಕೂದಲು ಕತ್ತರಿಸಿದ್ದಾಳೆ, ಅತ್ತೆಗೆ ಗೊತ್ತೋ ಇಲ್ಲವೋ — ಬೆಕ್ತೂರ್ ಒಂದು ಕ್ಷಣ ನಿಂತು ನೋಡಿದ, ಅತ್ತೆಯ ಮೂಗು, ಅತ್ತೆಯ ನಡಿಗೆ, ಓಡಿದ, ಓಡಿ ಹೋಗಿ ಜಾರ್ಕಿನ್‌ಳ ಮೊಣಕಾಲು ತಬ್ಬಿದ. ನನ್ನ ಬಂಗಾರ, ನನ್ನ ಗಡವ, ಎಷ್ಟು ಭಾರ ಆಗಿದ್ದೀಯೋ, ಎಂದು ಅವಳು ಎತ್ತಿಕೊಂಡು ಕುರ್ಚಿಯ ಮೇಲೆ ಕೂತು, ಚೀಲದಿಂದ ಎಳ್ಳು ಮೆತ್ತಿದ ಬಳೆಯಾಕಾರದ ಬ್ರೆಡ್ಡು ತೆಗೆದು ಮುರಿದು ಅವನ ಬಾಯಿಗೆ ಹಿಡಿದಳು, ಅವನು ಬಾಯಿ ತೆರೆದ. ಅಷ್ಟು ಸುಲಭ. ಬಾಯಿ ತೆರೆದ, ತಿಂದ, ಇನ್ನೂ ಎಂದು ಕೈ ಚಾಚಿದ, ಅಷ್ಟು ಹೊತ್ತಿನ ಹಸಿವೆಲ್ಲ ಅಲ್ಲೇ ಇತ್ತು. ಅಯ್ಯೋ, ಏನೇ ಇದು, ದಾರೀಲಿ ತಿಂದಿಲ್ವಾ ಮಗು, ನಿನ್ನ ಕೈಯಿಂದ ತಿಂದನಾ ಇಲ್ವಾ ಚಿನಾರಾ, ಅಮ್ಮ ಆಗಲೇ ಫೋನ್ ಮೇಲೆ ಫೋನ್ — ತಿಂದ ಎನ್ನುವ ಮಾತು ನಾಲಿಗೆಯ ತುದಿಯಲ್ಲೇ ಇತ್ತು, ಆದರೆ ಅವನು ತಿನ್ನುವುದನ್ನು ಎದುರಿಗೇ ನೋಡುತ್ತ ಅದನ್ನು ಹೇಗೆ ಹೇಳುವುದು, ಅವನ ಗಲ್ಲ ಹೇಗೆ ಆಡುತ್ತಿದೆ ನೋಡು, ಎಷ್ಟು ನೆಮ್ಮದಿ ಆ ಮುಖದಲ್ಲಿ. ಇಲ್ಲ, ತಿನ್ನಲಿಲ್ಲ, ಅಂದಳು. ಜಾರ್ಕಿನ್ ಮುಖ ತಗ್ಗಿಸಿದಳು, ಅವಳು ಕೆಟ್ಟವಳಲ್ಲ. ಚಿನಾರಾ ಅವನ ಪಾಸ್‌ಪೋರ್ಟು ತೆಗೆದು ಜಾರ್ಕಿನ್‌ಳ ಚೀಲದ ಮೇಲಿಟ್ಟಳು, ಪುಟ್ಟ ಸ್ವೆಟರು, ಉಳಿದ ಒಂದೇ ಕಾಲುಚೀಲ, ರಾತ್ರಿ ಇವನಿಗೆ ಕೆಮ್ಮು ಬರುತ್ತೆ, ಬೆನ್ನು ಬೆಚ್ಚಗಿಡು, ಎಂದು ಹೇಳುತ್ತ ತನಗೆ ಅದು ಹೇಗೆ ಗೊತ್ತೆಂದು ಯೋಚಿಸಿದಳು, ಒಂದೇ ತಿಂಗಳು ಗೋಡೆಯಾಚೆ ಮಲಗಿ ಕೇಳಿಸಿಕೊಂಡದ್ದು. ಕೆನಡಾದ ವಿಮಾನಕ್ಕೆ ಜನ ಸಾಲುಗಟ್ಟುತ್ತಿದ್ದಾರೆ, ತಾಲಂತ್‌ಗೆ ಏನು ಹೇಳುವುದು, ಅವನು ಹಾಸಿಗೆಯ ಪಕ್ಕ ಜೋಡಿಸಿಟ್ಟ ಪುಟ್ಟ ಮಂಚವನ್ನು ಸುಮ್ಮನೆ ಬಿಚ್ಚಿಡುತ್ತಾನೆ, ಅವಳ ಕಣ್ಣು ತುಂಬಿತು, ಬಾಯಿ ತೆರೆದರೆ ಜೋರಾಗಿ ಅತ್ತುಬಿಡುತ್ತೇನೆಂದು ತುಟಿ ಬಿಗಿಹಿಡಿದು ಕೂತಳು.

ಬೆಕ್ತೂರ್ ಜಾರ್ಕಿನ್‌ಳ ಮಡಿಲಿಂದ ಇಳಿದ. ಬಂದ. ಬೂಟಿನೊಳಗೆ ಕಾಲುಚೀಲವಿಲ್ಲದ ಬರಿಗಾಲು, ಕೈಯಲ್ಲಿ ಅಗಿದು ಮೆತ್ತಗೆ ಮಾಡಿದ ಬ್ರೆಡ್ಡಿನ ಚೂರು, ಜೊಲ್ಲಿನಿಂದ ಹೊಳೆಯುತ್ತಿದೆ, ಅವಳ ಮೊಣಕಾಲು ಹತ್ತಿದ, ಈ ಸಲ ಜಾಗ ಬಿಡದೆ ಹೊಟ್ಟೆಗೆ ಹೊಟ್ಟೆ ತಾಗಿಸಿ ಹತ್ತಿದ, ಅವಳ ಬಿಗಿದ ತುಟಿಯನ್ನು ನೋಡಿದ, ಬಹಳ ಹೊತ್ತು ನೋಡಿದ, ತನಗೆ ಚೆನ್ನಾಗಿ ಗೊತ್ತಿರುವ ಕೆಲಸವನ್ನು ಇನ್ನೊಬ್ಬರು ಮಾಡುವುದನ್ನು ನೋಡುವವನ ಹಾಗೆ, ಆಮೇಲೆ ಆ ಚೂರನ್ನು ತುಟಿಗೆ ಒತ್ತಿದ, ಎಜೆ, ಆ ಅನ್ನು. ಬೇಡ ಚಿನ್ನಾ ಎನ್ನಲು ಬಾಯಿ ತೆರೆದಳು, ತುರುಕಿದ. ಹಿಂದಿನಿಂದ ಜಾರ್ಕಿನ್‌ಳ ಫೋನು ಕೂಗಿತು, ಅವಳು ಎತ್ತಿದಳು, ಅಮ್ಮಾ, ಹೂಂ ಬಂದ್ರು, ಇಲ್ಲಮ್ಮಾ, ಅವಳ ಕೈಯಿಂದ ತಿನ್ನಲಿಲ್ಲ, ಇಲ್ಲ, ಕೇಳು, ಅವನೇ ಅವಳಿಗೆ ತಿನ್ನಿಸ್ತಿದ್ದಾನೆ, ಹೌದಮ್ಮಾ, ನಾನೇ ನೋಡ್ತಿದ್ದೀನಿ — ಆಚೆ ಕಡೆಯಿಂದ ಅತ್ತೆ ಏನೋ ಅಂದರು, ಆಮೇಲೆ ಜಾರ್ಕಿನ್ ಮೆತ್ತಗೆ, ಸರಿ ಅಮ್ಮಾ, ನಾನೊಬ್ಬಳೇ ಬರ್ತೀನಿ, ಅತ್ತುಬಿಡಬೇಡ, ನಾನು ಬರ್ತಿದ್ದೀನಲ್ಲ, ಪಾಸ್‌ಪೋರ್ಟು ಮತ್ತೆ ಚಿನಾರಾಳ ಚೀಲಕ್ಕೆ ಬಂದು ಬಿದ್ದ ಸದ್ದು, ಯಾರೋ ಎಲ್ಲೋ ಕೆನಡಾ ಕೆನಡಾ ಎಂದು ಕರೆಯುತ್ತಿದ್ದಾರೆ, ಏಳಬೇಕು, ಏನಾದರೂ ಹೇಳಬೇಕು, ಆದರೆ ಬಾಯಿ ತುಂಬಿದೆ, ಉಪ್ಪು, ಎಳ್ಳು, ಅವನ ಜೊಲ್ಲು, ಮತ್ತು ಉಗುಳಿಬಿಟ್ಟಾಳೆಂದು ಕಾವಲಿಗೆ ಅವಳ ತುಟಿಗಳ ನಡುವೆ ಇನ್ನೂ ಇಟ್ಟುಕೊಂಡೇ ಇರುವ ಅವನ ಪುಟ್ಟ ಬೆರಳು, ಆ ಬೆರಳು.