ಬಲಗಡೆಯ ಹೂವು

ಹೂವು ಕೇಳಲು ಗೊತ್ತುಮಾಡಿದ್ದ ಸೋಮವಾರ ಶಿಕಾರಿಪುರದಲ್ಲಿ ಹೊತ್ತು ಏರಿದರೂ ಮಂಜು ಕರಗಿರಲಿಲ್ಲ. ರಾಜೇಶ್ವರಮ್ಮ ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲಿಗೆ ಗಂಟು ಬಿಗಿದು ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ಎದುರಿನ ಗೋಡೆ ಕಾಣುತ್ತಿರಲಿಲ್ಲ. ಗೋಡೆಯಾಚೆ ಯಾರೋ ಎಮ್ಮೆ ಹೊಡೆದುಕೊಂಡು ಹೋದರು. ಎಮ್ಮೆಯೂ ಇಲ್ಲ, ಮನುಷ್ಯನೂ ಇಲ್ಲ, ಬರೀ ಗಂಟೆಯ ಸದ್ದು ಮಂಜಿನೊಳಗೆ ನಡೆದುಹೋಯಿತು. ಈಚೆಗೆ ಅವಳಿಗೆ ಎಲ್ಲವೂ ಹೀಗೇ. ಮಾತು ಕೇಳುತ್ತಿತ್ತು, ಆಡಿದವರ ಮುಖ ಕಾಣುತ್ತಿರಲಿಲ್ಲ.

ಅಂದು ಅವಳು ದೇವರನ್ನು ಕೇಳಬೇಕಾಗಿದ್ದುದು ಒಂದೇ ಮಾತು. ಮಗ ಸಿದ್ಧಲಿಂಗೇಶನಿಗೆ ತೊಗರ್ಸಿಯ ಪರಮಶಿವಪ್ಪನವರ ಮಗಳು ಗಂಗಾಶ್ರೀಯನ್ನು ತಂದುಕೊಳ್ಳಬಹುದೇ ಎಂದು. ರಾಜೇಶ್ವರಮ್ಮನ ಗಂಡನ ಮನೆತನದಲ್ಲಿ ಹೂವು ಕೇಳದೆ ಮದುವೆ ಗಟ್ಟಿಯಾಗುವುದಿಲ್ಲ. ಕೆರೆ ಏರಿಯ ಕೆಳಗಿನ ಪುಟ್ಟ ಗುಡಿಯಲ್ಲಿ ವೀರಭದ್ರನ ಎರಡು ಭುಜಕ್ಕೂ ನೀರಲ್ಲಿ ಅದ್ದಿದ ಹೂವು ಅಂಟಿಸುತ್ತಾರೆ. ಮನೆಯ ಹಿರಿಯ ಹೆಂಗಸು ಕಣ್ಣು ಮುಚ್ಚಿ, ತುಟಿ ಅಲುಗಿಸದೆ ಕೇಳಬೇಕು. ಬಲಗಡೆಯದು ಬಿದ್ದರೆ ಆಗಲಿ, ಎಡಗಡೆಯದು ಬಿದ್ದರೆ ಬೇಡ. ಬಿದ್ದ ಮೇಲೆ ಪೂಜೆಯ ಅಯ್ಯನವರು ಏನು ಕೇಳಿಕೊಂಡಿರಿ ಎನ್ನುತ್ತಾರೆ. ಕೇಳಿದವಳು ಅದನ್ನು ಎಲ್ಲರೆದುರು ಬಾಯಿಬಿಟ್ಟು ಹೇಳಿದ ಮೇಲೆಯೇ ಹೂವು ಅವಳ ಸೆರಗಿಗೆ. ಒಮ್ಮೆ ಕೇಳಿದ ವಿಷಯವನ್ನು ಆ ವರ್ಷ ಮತ್ತೆ ಎತ್ತುವಂತಿಲ್ಲ.

ಸಿದ್ಧಲಿಂಗೇಶ ಇದಕ್ಕೆ ಒಪ್ಪಿದ್ದ. ಅಪ್ಪ ಮಹೇಶ್ವರಪ್ಪ ತಿಂಗಳುಗಟ್ಟಲೆ ಹಿಡಿದ ಹಟಕ್ಕೆ ಸೋತು, ಅವ್ವ ಕೇಳಲಿ, ಅವ್ವನಿಗೆ ಯಾವ ಹೂವು ಬೀಳುತ್ತದೋ ಅದಕ್ಕೆ ತಲೆ ಬಾಗುತ್ತೇನೆ ಎಂದಿದ್ದ. ಅದನ್ನು ಹೇಳುವಾಗ ಅವನು ಅಪ್ಪನನ್ನು ನೋಡಿರಲಿಲ್ಲ, ಅವ್ವನನ್ನು ನೋಡಿದ್ದ.

ಅವನದು ಆನವಟ್ಟಿಯಲ್ಲಿ ಸುಟ್ಟ ಪಂಪ್‌ಸೆಟ್ ಮೋಟರುಗಳಿಗೆ ತಾಮ್ರದ ತಂತಿ ಸುತ್ತುವ ಅಂಗಡಿ. ಜೊತೆಗೆ ಗುತ್ಯಪ್ಪ. ಸೊರಬದ ಕಡೆ ಕುರಿ ಸಾಕುವ ಮನೆಯ ಹುಡುಗ, ಮಾತು ಕಡಿಮೆ. ಇಬ್ಬರೂ ಅಂಗಡಿಯ ಹಿಂದಿನ ಕೋಣೆಯಲ್ಲೇ ಇದ್ದರು. ಊರು ಮೊದಲು ಸ್ನೇಹಿತರು ಎಂದಿತು, ಆಮೇಲೆ ನಗಲು ಶುರುಮಾಡಿತು. ಮಹೇಶ್ವರಪ್ಪನ ತಂಗಿ ನಿರ್ಮಲಮ್ಮ ಒಂದು ದಿನ ಅಕ್ಕಿ ಆರಿಸುತ್ತಾ, ಮೊರದಿಂದ ಕಣ್ಣು ತೆಗೆಯದೆ ಹೇಳಿದಳು.

“ಅತ್ತಿಗೆ, ನೀವು ಇನ್ನಾ ಹೆಣ್ಣು ಹುಡುಕ್ತಾ ಇದ್ದೀರಿ. ಆನವಟ್ಟೀಲಿ ಸೊಸೆ ಬಂದಾಗೈತಂತೆ. ಮೀಸೆ ಐತಂತೆ.”

ರಾಜೇಶ್ವರಮ್ಮ ನಕ್ಕುಬಿಟ್ಟಿದ್ದಳು. ನಗು ಬಾಯಿಯಲ್ಲಿದ್ದಾಗಲೇ ಅದು ನಿಜವೆಂದು ಅವಳಿಗೆ ಹೊಳೆದಿತ್ತು.

ಮಾರನೆಯ ವಾರ ಒಬ್ಬಳೇ ಬಸ್ಸು ಹತ್ತಿ ಆನವಟ್ಟಿಗೆ ಹೋದಳು. ಯಾರಿಗೂ ಹೇಳಿರಲಿಲ್ಲ. ಅಂಗಡಿಯ ಬಾಗಿಲು ಅರ್ಧ ತೆರೆದಿತ್ತು, ಒಳಗೆಲ್ಲ ವಾರ್ನಿಷಿನ ವಾಸನೆ. ಹಿಂದಿನ ಕೋಣೆಯಲ್ಲಿ ಸಿದ್ಧಲಿಂಗೇಶ ಮಡಿಯುಟ್ಟು, ಅಂಗೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕೂತಿದ್ದ. ಮನೆಯಲ್ಲಿದ್ದಾಗ ಹೇಳಿ ಹೇಳಿ ಸಾಕಾದರೂ ಕೂರದ ಹುಡುಗ. ಹೊಸ್ತಿಲ ಹೊರಗೆ ಗುತ್ಯಪ್ಪ ನಿಂತಿದ್ದ. ಕೈಯಲ್ಲಿ ಎಲೆಯ ಮೇಲೆ ತುಂಬೆ ಹೂವು, ಬಿಲ್ವಪತ್ರೆ. ಸಿದ್ಧಲಿಂಗೇಶ ಕೈ ಚಾಚಿದಾಗ ಒಂದೊಂದಾಗಿ ಕೊಡುತ್ತಿದ್ದ. ಬೇಕೆಂದು ಇವನು ಹೇಳಲಿಲ್ಲ, ಸಾಕೇ ಎಂದು ಅವನು ಕೇಳಲಿಲ್ಲ. ಕಿಟಕಿಯಿಂದ ಬಿದ್ದ ಬಿಸಿಲಲ್ಲಿ ತಾಮ್ರದ ಸುರುಳಿಗಳು ಹೊಳೆಯುತ್ತಿದ್ದವು. ರಾಜೇಶ್ವರಮ್ಮ ಬಂದ ಸದ್ದು ಮಾಡಲಾರದೆ ಅಲ್ಲೇ ನಿಂತಳು. ತಾನು ನಿದ್ದೆಯಲ್ಲಿ ನಡೆದುಬಂದು ಬೇರೆ ಯಾರದೋ ಕನಸಿನೊಳಗೆ ಕಾಲಿಟ್ಟೆನೇನೋ ಅನ್ನಿಸಿತು.

ಮಗ ಅವಳನ್ನು ಬಸ್ಸಿಗೆ ಬಿಡಲು ಬಂದಾಗ ತಾನಾಗಿಯೇ ಹೇಳಿದ. ಅವಳು ಕೇಳಿರಲಿಲ್ಲ.

“ಅವ್ವಾ, ನಾನು ಅವನ ಜೊತೆ ಇದೀನಿ. ಜೊತೆ ಅಂದ್ರೆ, ನೀನು ಅಪ್ಪಾಜಿ ಇದೀರಲ್ಲ, ಹಂಗೆ. ನನಗೊಂದು ಹೆಣ್ಣು ತಂದ್ರೆ ಆ ಹುಡುಗಿ ಕೆಡ್ತಾಳೆ. ನಾನು ಅವಳ ಕಡೆ ತಿರುಗೂ ನೋಡಲ್ಲ.”

ಬಸ್ಸು ಹೊರಟ ಮೇಲೆ ಅವಳು ಕಿಟಕಿಯಿಂದ ಕೈ ಬೀಸಿದಳು, ಅಷ್ಟೆ.

ಮಹೇಶ್ವರಪ್ಪನಿಗೂ ತಿಳಿಯಿತು. ಅವನು ಕೂಗಾಡುವವನಲ್ಲ, ಬೀಜ-ಗೊಬ್ಬರದ ಅಂಗಡಿ ಇಟ್ಟು ಇಡೀ ತಾಲೂಕಿನ ಜನರ ಜೊತೆ ತಗ್ಗಿದ ದನಿಯಲ್ಲಿ ಮಾತಾಡಿ ಬದುಕಿದವನು. ಮಗನನ್ನು ಶಿವಮೊಗ್ಗಕ್ಕೆ, ಮನಸ್ಸಿನ ಡಾಕ್ಟರೊಬ್ಬರ ಹತ್ತಿರ ಕರೆದುಕೊಂಡು ಹೋದ. ಆ ಡಾಕ್ಟರು ಸಿದ್ಧಲಿಂಗೇಶನ ಜೊತೆ ಬಹಳ ಹೊತ್ತು ಮಾತಾಡಿ, ಇದು ಕಾಯಿಲೆಯಲ್ಲ, ಹೊರದೇಶದ ದೊಡ್ಡ ಡಾಕ್ಟರುಗಳೂ ಇದನ್ನು ಕಾಯಿಲೆಯ ಸಾಲಿನಿಂದ ತೆಗೆದುಹಾಕಿದ್ದಾರೆ, ಇಲ್ಲದ ಕಾಯಿಲೆಗೆ ನಾನು ಔಷಧಿ ಕೊಡುವುದಿಲ್ಲ ಎಂದು ಹೇಳಿ ಕಳಿಸಿದರಂತೆ. ಮನೆಗೆ ಬಂದ ಮಹೇಶ್ವರಪ್ಪ ಕೋಟು ಬಿಚ್ಚದೆ ಕುರ್ಚಿಯಲ್ಲಿ ಕೂತು, ಇಷ್ಟು ಓದಿದವರಿಗೇ ಗೊತ್ತಿಲ್ಲವೆಂದರೆ ಇನ್ನು ಮದುವೆಯೇ ಮದ್ದು ಎಂದ. ಪರಮಶಿವಪ್ಪನವರ ಮನೆಗೆ ಮಾತು ಹೋದದ್ದು ಆಮೇಲೆ.

ರಾಜೇಶ್ವರಮ್ಮನಿಗೆ ಡಾಕ್ಟರ ಮಾತಿಗಿಂತ ಹೆಚ್ಚಾಗಿ ಕಾಡಿದ್ದು ಪುರಾಣ. ಚಿಕ್ಕಂದಿನಿಂದ ಶ್ರಾವಣದ ಸಂಜೆಗಳಲ್ಲಿ ಮಠದ ಕಂಬಕ್ಕೊರಗಿ ಕೂತು ಪದ್ಯ ಕೇಳಿ ಬೆಳೆದವಳು ಅವಳು. ಅರ್ಥ ಆಗದಿದ್ದಾಗಲೂ ನಡೆ ಕಿವಿಯಲ್ಲಿ ಉಳಿಯುತ್ತಿತ್ತು, ರಾತ್ರಿ ಮಲಗಿದರೆ ತೊಟ್ಟಿಲಂತೆ ತೂಗುತ್ತಿತ್ತು. ಓದುವ ಗಂಡಸಿನದು ಗಡಸು ಕಂಠ, ಎದೆ ತುಂಬ ಗಡ್ಡ. ಆದರೂ ಪದ್ಯ ಏರುತ್ತಾ ಏರುತ್ತಾ ಅವನೇ ಮದುವಣಗಿತ್ತಿಯಾಗುತ್ತಿದ್ದ. ಶಿವ ನನ್ನ ಗಂಡ, ಇನ್ನೂ ಬಾರನಲ್ಲ ಎಂದು ಕಂಠ ಬಿರಿಯುವಂತೆ ಹಾಡುತ್ತಿದ್ದ. ಎದುರು ಕೂತ ರೈತರು, ವ್ಯಾಪಾರಿಗಳು ಟವಲಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಮಹೇಶ್ವರಪ್ಪನೂ ಒರೆಸಿಕೊಳ್ಳುತ್ತಿದ್ದ. ಯಾರೂ ನಗುತ್ತಿರಲಿಲ್ಲ. ಮಠದೊಳಗೆ ಅಳುವ ಜನ ಮಠದ ಹೊರಗೆ ಯಾಕೆ ನಗುತ್ತಾರೆ? ದೇವರ ಮಾತು ಬೇರೆ, ಮನುಷ್ಯರ ಮಾತು ಬೇರೆ ಎಂದು ಅವಳೇ ತನಗೆ ಹೇಳಿಕೊಳ್ಳುತ್ತಿದ್ದಳು. ಆದರೂ ಆ ಪ್ರಶ್ನೆ ಹೋಗುತ್ತಿರಲಿಲ್ಲ.

ಆ ಸೋಮವಾರ ಗಂಡ ಹೆಂಡತಿ ಮಂಜಿನಲ್ಲೇ ಗುಡಿಗೆ ನಡೆದರು. ಪರಮಶಿವಪ್ಪ ಹೆಂಡತಿಯೊಂದಿಗೆ ಆಗಲೇ ಬಂದು ಜಗಲಿಯ ಮೇಲೆ ಕೂತಿದ್ದ. ನಿರ್ಮಲಮ್ಮ ಹಣ್ಣುಕಾಯಿ ಹಿಡಿದಿದ್ದಳು. ಸಿದ್ಧಲಿಂಗೇಶ ಬಂದಿರಲಿಲ್ಲ. ಯಾರಿಗಾಗಿ ಕೇಳುತ್ತಾರೋ ಅವರು ಬರುವಂತಿಲ್ಲ, ಹೊತ್ತು ಮುಳುಗುವ ಮುಂಚೆ ಹೂವೇ ಅವರಿದ್ದಲ್ಲಿಗೆ ಹೋಗಬೇಕು. ಅಯ್ಯನವರು ಹೂವು ಅಂಟಿಸಿ ಪಕ್ಕಕ್ಕೆ ಸರಿದರು. ಕೇಳ್ರಮ್ಮ, ಅಂದರು.

ಅವಳು ಕಣ್ಣು ಮುಚ್ಚಿದಳು. ಗಂಗಾಶ್ರೀಯನ್ನು ಮನಸ್ಸಿಗೆ ತಂದುಕೊಂಡಳು. ಹೆಣ್ಣು ನೋಡಲು ಹೋದಾಗ ಅವಲಕ್ಕಿ ತಟ್ಟೆ ಹಿಡಿದುಬಂದ ಹುಡುಗಿ, ಕಿವಿಯ ಹತ್ತಿರ ಒಂದು ಮಚ್ಚೆ, ನಕ್ಕರೆ ಕೈ ಬಾಯಿಗೆ ಹೋಗುತ್ತದೆ. ಆ ಹುಡುಗಿ ಕತ್ತಲಲ್ಲಿ ತನ್ನ ಮನೆಯ ಹೊಸ್ತಿಲ ಮೇಲೆ ಕೂತಿರುವುದು ಕಂಡಿತು. ಮುಡಿದ ಹೂವು ಬಾಡಿತ್ತು. ಪುರಾಣದ ಮದುವಣಗಿತ್ತಿಯೂ ಹೀಗೇ ಕಾಯುತ್ತಾಳೆ, ಆದರೆ ಅವಳ ಗಂಡ ಕಡೆಗೆ ಬರುತ್ತಾನೆ. ಇವಳ ಗಂಡ ಒಳಗೇ ಇದ್ದ, ಬರುತ್ತಿರಲಿಲ್ಲ. ದೂರದಲ್ಲಿ, ಎಲ್ಲೋ ಬಿಸಿಲಿನಲ್ಲಿ, ಎಲೆಯ ಮೇಲೆ ಹೂವು ಹಿಡಿದು ಇನ್ನೊಬ್ಬ ನಿಂತಿದ್ದ.

ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡು ಬಂದಿದ್ದ ಮಾತು ಅಲ್ಲಿಗೇ ಕರಗಿತು. ಅದರ ಜಾಗದಲ್ಲಿ ಬೇರೆ ಮಾತು ತಾನಾಗಿ ಎದ್ದಿತು. ಅವರಿಬ್ಬರೂ ಈಗ ಇದ್ದ ಹಾಗೇ ಇರಲಾ, ತಂದೆ?

ಬಹಳ ಹೊತ್ತು ಏನೂ ಆಗಲಿಲ್ಲ. ಎಣ್ಣೆ ದೀಪ ಚಿಟಚಿಟ ಎಂದಿತು. ಆಮೇಲೆ ಕಲ್ಲಿನ ಮೇಲೆ ಒದ್ದೆಯ ಒಂದು ಸಣ್ಣ ಸದ್ದು. ಹಿಂದೆ ನಿಂತವರೆಲ್ಲ ಒಟ್ಟಿಗೆ ಉಸಿರು ಬಿಟ್ಟರು. ನಿರ್ಮಲಮ್ಮ ಬಲಗಡೆ, ಬಲಗಡೆ ಎಂದಳು. ಪರಮಶಿವಪ್ಪ ಎದ್ದು ಮಹೇಶ್ವರಪ್ಪನ ಎರಡೂ ಕೈ ಹಿಡಿದುಕೊಂಡ. ಆಗಲೇ ಬೀಗರೇ ಎಂದು ಕರೆದೂ ಆಯಿತು.

ಅಯ್ಯನವರು ಹೂವನ್ನು ತಟ್ಟೆಯಲ್ಲಿಟ್ಟುಕೊಂಡು ಬಂದು ವಾಡಿಕೆಯಂತೆ, ಏನು ಕೇಳಿಕೊಂಡಿರಿ ತಾಯಿ ಎಂದರು. ಅವರ ಮುಖದ ಮೇಲೆ ನಗುವಿತ್ತು.

ಮದುವೆ ಎಂದರೆ ಮುಗಿಯುತ್ತಿತ್ತು. ಅದೊಂದು ಮಾತು ನಾಲಿಗೆಯ ತುದಿಯವರೆಗೂ ಬಂದಿತು. ಹೇಳಿದ್ದರೆ ಮಗ ತಲೆ ಬಾಗುತ್ತಿದ್ದ. ಗಂಡ ಊರಲ್ಲಿ ತಲೆ ಎತ್ತಿ ನಡೆಯುತ್ತಿದ್ದ. ರಾಜೇಶ್ವರಮ್ಮ ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ವೀರಭದ್ರನ ಬೆಳ್ಳಿಯ ಕಣ್ಣುಗಳನ್ನು ನೋಡುತ್ತಾ ಹೇಳಿದಳು.

“ನಾನು ಮದುವೆ ಕೇಳ್ಲಿಲ್ಲ ಅಯ್ಯನೋರೇ. ನನ್ನ ಮಗ ಗುತ್ಯಪ್ಪನ ಜೊತೆ ಇದಾನೆ. ಸಂಸಾರ ಇದ್ದಂಗೆ ಇದಾನೆ. ಅವರಿಬ್ರೂ ಹಂಗೇ ಇರ್ಲಾ ಅಂತ ಕೇಳಿದೆ. ಬಲಗಡೆ ಬಿತ್ತು.”

ಅಯ್ಯನವರ ಕೈಯಲ್ಲಿ ತಟ್ಟೆ ಹಾಗೇ ಇತ್ತು. ಅವರು ಒಮ್ಮೆ ದೇವರ ಕಡೆ, ಒಮ್ಮೆ ಇವಳ ಕಡೆ ನೋಡಿದರು. ಆಮೇಲೆ, ಇಂಥದ್ದು ಯಾರೂ ಕೇಳಿದ್ದಿಲ್ಲ, ಆದರೆ ದೇವರು ಕೊಟ್ಟದ್ದನ್ನು ಇಟ್ಟುಕೊಳ್ಳಲು ನನಗೆ ಅಧಿಕಾರವಿಲ್ಲ ಎಂದು ಮೆಲ್ಲಗೆ ಹೇಳಿ ಹೂವನ್ನು ಅವಳ ಸೆರಗಿಗೆ ಹಾಕಿದರು.

ಪರಮಶಿವಪ್ಪ ಮಹೇಶ್ವರಪ್ಪನ ಕೈ ಬಿಟ್ಟ. ಚಪ್ಪಲಿ ಮೆಟ್ಟಿ ಹೊರಟವನು ಮೆಟ್ಟಿಲ ಬಳಿ ನಿಂತ.

“ನನ್ನ ಮಗಳನ್ನ ಉಳಿಸಿದ್ರಿ ಅನ್ಲೋ, ನಮ್ಮ ಮರ್ಯಾದೆ ಕಳೆದ್ರಿ ಅನ್ಲೋ ಗೊತ್ತಾಗ್ತಿಲ್ಲ ಕಣಮ್ಮ. ಮೊದ್ಲೇ ಹೇಳಬೇಕಿತ್ತು ನೀವು.”

ಹೌದು, ಹೇಳಬೇಕಿತ್ತು ಎಂದಳು ರಾಜೇಶ್ವರಮ್ಮ. ಅವರು ಮಂಜಿನಲ್ಲಿ ಮರೆಯಾದರು. ನಿರ್ಮಲಮ್ಮ ಹಣ್ಣಿನ ಬುಟ್ಟಿಯನ್ನು ಅಲ್ಲೇ ಬಿಟ್ಟು ಅವರ ಹಿಂದೆ ಓಡಿದಳು, ಸಮಾಧಾನ ಹೇಳಲೋ ಸುದ್ದಿ ಹೇಳಲೋ.

ಮಹೇಶ್ವರಪ್ಪ ಹೆಂಡತಿಯನ್ನು ಬಯ್ಯಲಿಲ್ಲ. ಬಸ್‌ಸ್ಟ್ಯಾಂಡಿನವರೆಗೂ ಅವಳಿಗಿಂತ ಮುಂದೆ ಮುಂದೆ ನಡೆದ. ಆನವಟ್ಟಿ ಬಸ್ಸು ಬಂದಾಗ ಅವಳು ಹತ್ತಿದಳು. ಅವನು ಬರುವುದಿಲ್ಲ ಅಂದುಕೊಂಡಳು. ಬಸ್ಸು ಹೊರಡುವ ಹೊತ್ತಿಗೆ ಅವನೂ ಹತ್ತಿ, ಪಕ್ಕದಲ್ಲಿ ಜಾಗವಿದ್ದರೂ ಹಿಂದಿನ ಸೀಟಿನಲ್ಲಿ ಕೂತ. ಶಿರಾಳಕೊಪ್ಪ ದಾಟುವ ಹೊತ್ತಿಗೆ ಮಂಜು ಹರಿದಿತ್ತು. ಕೊಯ್ದು ಮುಗಿದ ಜೋಳದ ಹೊಲಗಳು ಬಿಳಿಚಿಕೊಂಡು ಎರಡೂ ಕಡೆ ತೇಲಿಹೋಗುತ್ತಿದ್ದವು. ಹಿಂದಿನಿಂದ ಅವನ ದನಿ ಬಂದಿತು, ಅವಳ ಕಿವಿಗೆ ಮಾತ್ರ ಕೇಳುವಷ್ಟು.

“ಎಡಕ್ಕೆ ಬಿದ್ದಿದ್ರೆ ಏನ್ ಮಾಡ್ತಿದ್ದೆ?”

ಅವಳು ತಿರುಗಲಿಲ್ಲ.

“ದೇವರ ಹತ್ರ ಜಗಳ ಆಡ್ತಿದ್ದೆ ಕಣ್ರೀ.”

ಹಿಂದೆ ಉಸಿರಿನಂಥ ಒಂದು ಸದ್ದು. ನಗುವೋ ಅಳುವೋ ಎಂದು ಅವಳು ತಿರುಗಿ ನೋಡಲಿಲ್ಲ.

ಆನವಟ್ಟಿಯಲ್ಲಿ ಅಂಗಡಿಯ ಮುಂದೆ ಒಬ್ಬ ಮುದುಕ ಕಂಬಳಿ ಹೊದ್ದು ಕೂತಿದ್ದ. ಗುತ್ಯಪ್ಪನ ದೊಡ್ಡಪ್ಪ, ದೊಡ್ಡಬೀರಪ್ಪ. ಪಕ್ಕದಲ್ಲಿ ಗುತ್ಯಪ್ಪನ ಬಟ್ಟೆಯ ಗಂಟು. ಮದುವೆ ಗಟ್ಟಿಯಾದರೆ ಹುಡುಗನನ್ನು ಊರಿಗೆ ಕರೆದೊಯ್ಯಲು ಬಂದಿದ್ದನಂತೆ. ಒಳಗೆ ಸಿದ್ಧಲಿಂಗೇಶ, ಗುತ್ಯಪ್ಪ ಒಂದು ಮೋಟರಿನ ಎರಡು ಬದಿಗೆ ಕೂತಿದ್ದರು. ಕೈಗೆ ಕೆಲಸವಿರಲಿಲ್ಲ, ಸುಮ್ಮನೆ ಕೂತಿದ್ದರು. ರಾಜೇಶ್ವರಮ್ಮನನ್ನು ಕಂಡು ಇಬ್ಬರೂ ಎದ್ದರು. ಅವಳು ಸೆರಗು ಬಿಚ್ಚಿದಳು, ಹೂವು ತೋರಿಸಿದಳು. ಬಾಯಿಂದ ಮಾತು ಹೊರಡಲಿಲ್ಲ. ಅವರಿಗೆ ಅದು ಯಾವ ಮಾತಿಗೆ ಬಿದ್ದ ಹೂವೆಂದು ಹೇಗೆ ಗೊತ್ತಾಗಬೇಕು? ಬಲಗಡೆಯದಾ ಎಂದು ಸಿದ್ಧಲಿಂಗೇಶ ಕೇಳಿದ. ಅವಳು ಹೌದೆಂದು ತಲೆಯಾಡಿಸಿದಳು. ಅವನ ಮುಖ ಬಿಳಿಚಿಕೊಂಡಿತು. ಗುತ್ಯಪ್ಪ ಮೆಲ್ಲಗೆ ಹೊರಗೆ ಹೋಗಿ ಗಂಟಿಗೆ ಕೈ ಹಾಕಿದ.

ಮಹೇಶ್ವರಪ್ಪ ಇನ್ನೂ ರಸ್ತೆಯಲ್ಲೇ ನಿಂತಿದ್ದ. ಸುತ್ತ ಅಂಗಡಿಗಳು, ಸಂತೆಗೆ ಬಂದ ಜನ, ಚಹಾ ಹೋಟೆಲಿನ ಬೆಂಚಿನ ಮೇಲೆ ಅವನನ್ನು ಬಲ್ಲ ರೈತರು. ದೊಡ್ಡಬೀರಪ್ಪ ಕೋಲೂರಿ ಎದ್ದು, ಎಲ್ಲರಿಗೂ ಕೇಳುವ ಹಾಗೆಯೇ ಕೇಳಿದ.

“ಏನಾತ್ರಿ ಸಾವ್ಕಾರ್ರೇ? ನಮ್ಮ ಹುಡುಗನ್ನ ಕರ್ಕಂಡು ಹೋಗ್ಲಾ?”

ಬೆಂಚಿನ ಮೇಲಿದ್ದವರು ಇತ್ತ ತಿರುಗಿದರು. ಮಹೇಶ್ವರಪ್ಪ ಗುತ್ಯಪ್ಪನನ್ನು ನೋಡಿದ. ಬಹುಶಃ ಮೊದಲ ಸಲ ನೆಟ್ಟಗೆ ನೋಡಿದ. ಗಂಟಿನ ಮೇಲಿದ್ದ ಅವನ ಕೈಯ ಉಗುರಿನ ಸಂದಿಯಲ್ಲಿ ವಾರ್ನಿಷು ಒಣಗಿತ್ತು.

“ಬ್ಯಾಡ,” ಎಂದ ಮಹೇಶ್ವರಪ್ಪ. “ಇಲ್ಲೇ ಇರ್ಲಿ. ದೇವ್ರು ಹೂವು ಕೊಟ್ಟಿದ್ದು ಇವರಿಬ್ಬರಿಗೆ.”

ಗುತ್ಯಪ್ಪ ಅಲ್ಲೇ ಕುಕ್ಕರಿಸಿದ. ಬಾಗಿಲಲ್ಲಿ ಸಿದ್ಧಲಿಂಗೇಶ ಬಂದು ನಿಂತ, ಅವನ ಹಿಂದೆ ಅವ್ವ. ಬೆಂಚಿನ ಮೇಲಿದ್ದ ಒಬ್ಬ ಬೀಡಿ ಬಿಸಾಡಿ ಎದ್ದುಹೋದ. ಇನ್ನೊಬ್ಬ ಏನೋ ಗೊಣಗಿದ. ಉಳಿದವರು ಕೂತಲ್ಲೇ ಕೂತಿದ್ದರು. ದೊಡ್ಡಬೀರಪ್ಪ ಕಂಬಳಿ ಸರಿಪಡಿಸಿಕೊಂಡ. ಅವನಿಗೆ ಎಷ್ಟು ಅರ್ಥವಾಯಿತೋ, ಎಷ್ಟು ಬೇಕೆಂದೇ ಬಿಟ್ಟನೋ.

“ಹಂಗಾದ್ರೆ ನಾನು ಹೊಂಡ್ತೀನಿ,” ಎಂದ. “ಕುರಿ ಹತ್ರ ಯಾರೂ ಇಲ್ಲ.”

ಚಹಾ ಕುಡಿದು ಹೋಗಪ್ಪಾ, ಬೀಗಾ, ಎಂದ ಮಹೇಶ್ವರಪ್ಪ. ಆ ಮಾತು ಆಡಿದ ಮೇಲೆಯೇ ತಾನು ಏನೆಂದೆನೆಂದು ಅವನಿಗೆ ತಿಳಿದಂತಿತ್ತು. ಆದರೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಚಪ್ಪಲಿಯನ್ನು ರಸ್ತೆಯ ಬದಿಗೆ ಬಿಟ್ಟು, ಮುದುಕನ ತೋಳು ಹಿಡಿದು ಒಳಗೆ ನಡೆದ.