ಉದುರು ದ್ರಾಕ್ಷಿ

“ಮಡ್ಲು ಬಿಚ್ಚೇ ಮುಂಡೆ. ಬಸುರಿ ಅಂತ ಸೀಮಂತ ಮಾಡ್ಲಾ ನಿಂಗೆ?”

ಧಣಿಯ ಮಗ ಮುರಳಿಮೋಹನನ ಮಾತಿಗೆ ಕ್ರೇಟು ಹೊರುತ್ತಿದ್ದ ಗಂಡಾಳುಗಳು ಕಿಸಕ್ಕನೆ ನಕ್ಕರು. ಸಾಲಿನಲ್ಲಿ ನಿಂತ ಹೆಣ್ಣಾಳುಗಳು ನಗಲಿಲ್ಲ. ನಂದಿಬೆಟ್ಟದ ಬಳಿಯ ಆ ತೋಟದ ಗೇಟಿನಲ್ಲಿ ದಿನಾ ಸಂಜೆ ಅವರ ಸೆರಗು, ಬುತ್ತಿ ಡಬ್ಬಿ ತಡಕಿಯೇ ಹೊರಗೆ ಬಿಡುತ್ತಿದ್ದದ್ದು. ಗೊಂಚಲು ಹೋಗಲಿ, ಚಪ್ಪರದಡಿ ಉದುರಿದ ದ್ರಾಕ್ಷಿಯನ್ನೂ ಗುಡಿಸಿ ಬಕೆಟ್ಟಿಗೆ ತುಂಬಬೇಕು. ಅದು ಧಣಿಯ ಸೀಮೆಹಸುಗಳ ಪಾಲು.

ಪೆದ್ದಮ್ಮ ಮಡಿಲು ಬಿಚ್ಚಿದಳು. ಮಣ್ಣು ಮೆತ್ತಿದ ಒಂದು ಹಿಡಿ ಕಪ್ಪು ದ್ರಾಕ್ಷಿ.

“ಕೆಳಗೆ ಬಿದ್ದಿದ್ವು ಸಾಮಿ. ನಾಳೆ ನಮ್ಮೆಜಮಾನ್ರಿಗೆ ಕರ್ತನ ಭೋಜನ ಕೊಡಾಕೆ ಪಾಸ್ಟರಯ್ಯ ಬರ್ತಾರೆ. ಯೇಸಪ್ಪನ ಹೆಸರಲ್ಲಿ ಒಂದು ತುಣುಕು ರೊಟ್ಟಿ, ಒಂದು ಗುಟುಕು ದ್ರಾಕ್ಷಿ ರಸ. ಹಿಂಡಾಕೆ ಇಷ್ಟು ಸಾಕು.”

ಯಜಮಾನ ಗಂಗುಲಪ್ಪ ಇದೇ ಚಪ್ಪರದಡಿ, ಮೂಗಿಗೊಂದು ಬಟ್ಟೆಯೂ ಇಲ್ಲದೆ ಔಷಧಿ ಹೊಡೆಯುತ್ತ ಹೊಡೆಯುತ್ತ ಬಿದ್ದವನು. ಈಗ ಎದ್ದು ಕೂರಲೂ ಇನ್ನೊಬ್ಬರ ಕೈ ಬೇಕು. ಕುಡಿದು ಬಿದ್ದ ಎಂದು ಮುರಳಿಮೋಹನ್ ಊರೆಲ್ಲ ಸಾರಿದ್ದ. ಕ್ರೈಸ್ತನಾಗಿ ದೀಕ್ಷಾಸ್ನಾನವಾದ ದಿನದಿಂದ ಗಂಗುಲಪ್ಪ ಹೆಂಡದಂಗಡಿ ಕಡೆ ಮುಖ ಹಾಕಿಲ್ಲವೆಂದು ಊರಿಗೂ ಗೊತ್ತಿತ್ತು. ಒಬ್ಬರೂ ಬಾಯಿ ಬಿಡಲಿಲ್ಲ. ಈಗೀಗ ಅನ್ನ ಸೇರದು. ಕರ್ತನ ಭೋಜನವೊಂದು ಸಿಕ್ಕರೆ ಸಾಕೆಂದು ಬೆಳಗ್ಗೆ ಹೆಂಡತಿಯ ಕೈ ಹಿಡಿದಿದ್ದ.

ಯಾರನ್ನು ಕೇಳಿ ಎತ್ತಿಕೊಂಡೆ ಎಂದು ಮುರಳಿಮೋಹನ್ ಗದರಿದ. ತೋಟದಲ್ಲಿ ಉದುರಿದ್ದು ಬಡವರ ಪಾಲು ಅಂತ ದೇವರೇ ಹೇಳಿದಾನೆ ಎಂದುಬಿಟ್ಟಳು ಪೆದ್ದಮ್ಮ.

“ಅಕ್ಕಿ ಮೂಟೆಗೆ ದೇವ್ರನ್ನ ಮಾರ್ಕೊಂಡೋರು ನೀವು. ಎಬ್ಬಿಸಿದ್ನೇನೆ ಲೌಡಿ, ನಿನ್ ಗಂಡನ್ನ ನಿನ್ ಯೇಸಪ್ಪ?”

“ಇನ್ನೂ ಎಬ್ಬಿಸಿಲ್ಲ ಸಾಮಿ. ಬೀಳ್ಸಿದ್ದು ಅವ್ನಲ್ವಲ್ಲ.”

ಈ ಸಲ ಗಂಡಾಳುಗಳೂ ನಗಲಿಲ್ಲ. ಮುರಳಿಮೋಹನ್ ಅವಳ ಸೆರಗು ಹಿಡಿದು ಜಗ್ಗಿದ. ಚೆಲ್ಲಿದ ಹಣ್ಣನ್ನು ಬೀಡಿ ಹೊಸಕುವ ಹಾಗೆ ಶೂ ಕಾಲಲ್ಲಿ ಹೊಸಕಿದ. ಸೋಮವಾರ ಕೆಲಸ ಬೇಕಾದರೆ ಕಾಲಿಗೆ ಬಿದ್ದು, ಯೇಸು ಸುಳ್ಳು, ಕದ್ದದ್ದು ನಿಜ ಅಂತ ಎಲ್ಲರೆದುರು ಹೇಳು ಎಂದ.

ಪಕ್ಕದಲ್ಲಿ ನಿಂತಿದ್ದ ತನುಜ ಅವಳದೇ ಕಾಲೊನಿಯ ಹುಡುಗಿ, ಮಾರಮ್ಮನ ಒಕ್ಕಲು. “ಬಿದ್ಬಿಡಕ್ಕ,” ಎಂದು ಪಿಸುಗುಟ್ಟಿದಳು. “ಒಳಗಿಂದು ದೇವ್ರಿಗೆ ಗೊತ್ತಿರ್ತದೆ.”

ಪೆದ್ದಮ್ಮ ಮಂಡಿಯೂರಿದಳು. ಮುರಳಿಮೋಹನ್ ಮೊಬೈಲ್ ತೆಗೆದು ವಿಡಿಯೋ ಒತ್ತಿದ.

ಅವಳ ಕೈ ಅವನ ಪಾದದ ಕಡೆ ಹೋಗಲಿಲ್ಲ. ಬುತ್ತಿ ಡಬ್ಬಿ ತೆರೆದು, ಹೊಸಕಿದ ಹಣ್ಣನ್ನು ಮಣ್ಣಿನ ಸಮೇತ ಬಳಿದು ಬಳಿದು ಹಾಕತೊಡಗಿತು. ಡಬ್ಬಿಯ ತಳದಲ್ಲಿ ಮಧ್ಯಾಹ್ನ ಉಳಿಸಿದ ಮುದ್ದೆಯ ತುಣುಕಿತ್ತು. ರಸ ಅದರೊಳಗೆ ಇಳಿಯಿತು.

ಬಳಿಯುತ್ತ ಅವನ ಶೂ ತನಕ ಬಂದಳು. ಅದರಡಿ ಇನ್ನೂ ಒಂದೆರಡು ಹಣ್ಣು ಸಿಕ್ಕಿಕೊಂಡಿದ್ದವು. ತಾತನ ಕಾಲದಿಂದ ಅವಳ ಮನೆಯವರು ಧಣಿಯ ಮನೆಯವರನ್ನು ಸಾಮಿ ಅನ್ನದೆ ಮಾತಾಡಿಸಿದ್ದಿಲ್ಲ.

ತಲೆಯೆತ್ತಿದಳು.

“ಕಾಲೆತ್ತೋ.”

ಕಾಲು ಮೇಲೇಳಲಿಲ್ಲ. ಪೆದ್ದಮ್ಮ ಹಿಮ್ಮಡಿಯ ಅಡಿಗೆ ಬೆರಳು ತೂರಿಸಿದಳು. ಅವನು ಮೈಭಾರವನ್ನೆಲ್ಲ ಆ ಕಾಲಿನ ಮೇಲೆ ಬಿಟ್ಟ. ವಿಡಿಯೋ ಓಡುತ್ತಲೇ ಇತ್ತು. ಅವಳು ಬೆರಳು ತೆಗೆಯಲಿಲ್ಲ.